ನೈಮೆಗನ್ನಿನಲ್ಲಿ ಸಿಕ್ಕ ನನ್ನ ತಂಡ

ಐಂಡ್‌ಹೋವನ್ ನಿಲ್ದಾಣ

ನೆದರ್‌ಲ್ಯಾಂಡ್ಸ್‌ನಲ್ಲಿ ನಾನು ಗಾಳಿಯಂತ್ರ ನೋಡಲಿಲ್ಲ, ಟ್ಯುಲಿಪ್ ಹೊಲಕ್ಕೆ ಹೋಗಲಿಲ್ಲ. ಮೂರು ವಾರ ಇದ್ದೆ. ಅದರಲ್ಲಿ ಎರಡು ಶನಿವಾರ ಒಂದು ಐಸ್‌ಕ್ರೀಮ್ ಅಂಗಡಿಯಲ್ಲಿ ನಿಂತು ಹೊಟ್ಟೆ ಉರಿಸಿಕೊಂಡೆ. ಅಷ್ಟು ತಂಪಿನ ಜಾಗದಲ್ಲಿ ಅಷ್ಟು ಉರಿ ಹೇಗೆ ಹುಟ್ಟಿತು ಎಂಬುದನ್ನೇ ಬರೆಯುತ್ತೇನೆ.

ನಾನು ಧಾರವಾಡದ ಒಂದು ಕಾರ್ಖಾನೆಯಲ್ಲಿ ಮೇಂಟೆನೆನ್ಸ್ ಎಂಜಿನಿಯರ್. ನಮ್ಮಲ್ಲಿಗೆ ಹೊಸದಾಗಿ ಬಂದ ಮಷೀನನ್ನು ಬಿಚ್ಚಿ ಜೋಡಿಸುವುದನ್ನು ಕಲಿತು ಬಾ ಎಂದು ಕಂಪನಿ ನನ್ನನ್ನು ವೆಲ್ಡ್‌ಹೋವನ್‌ಗೆ ಕಳಿಸಿತ್ತು. ನಮ್ಮಪ್ಪ ಗದಗಿನ ಎಪಿಎಂಸಿಯಲ್ಲಿ ಹಮಾಲರಾಗಿದ್ದರು. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವ ನಾನು, ವಿಮಾನ ಹತ್ತಿದ ಮೊದಲನೆಯವನೂ ನಾನೇ. ಇದನ್ನು ಬಡಾಯಿ ಎಂದುಕೊಂಡರೂ ಸರಿ. ಈ ಬಡಾಯಿ ಕೊಚ್ಚಲು ನಾನು ಬಹಳ ಕಷ್ಟಪಟ್ಟಿದ್ದೇನೆ.

ಮೊದಲ ಶನಿವಾರ, ನೈಮೆಗನ್‌ನಲ್ಲಿರುವ ಹಳೆಯ ಗೆಳೆಯ ಪ್ರಮೋದನನ್ನು ನೋಡಲು ಪಕ್ಕದ ಐಂಡ್‌ಹೋವನ್‌ನಲ್ಲಿ ರೈಲು ಹತ್ತಿದೆ. ಕುಳಿತವನೇ ಅವ್ವನಿಗೆ ಫೋನ್ ಹಚ್ಚಿದೆ.

"ಎಲ್ಲಿ ಅದೀಯೋ?"

"ಟ್ರೇನಿನ್ಯಾಗ ಅದೀನಿ ಬೇ."

"ಕುಂದ್ರಾಕ ಜಾಗಾ ಸಿಕ್ತೇನು?"

"ಇಡೀ ಡಬ್ಬಿನ ಖಾಲಿ ಐತಿ. ಮಲಕೊಂಡ ಹೋಗಬಹುದು!"

ಗದಗ ಎಷ್ಟು ದೂರವೋ ಅಷ್ಟು ಜೋರಾಗಿ ಮಾತಾಡುವುದು ನಮ್ಮ ಮನೆಯ ಪದ್ಧತಿ. ಎದುರಿನ ಸಾಲಿನ ಹೆಂಗಸೊಬ್ಬಳು ಪುಸ್ತಕದಿಂದ ತಲೆ ಎತ್ತಿದಳು, ಬೈಯಲಿಲ್ಲ, ಕಿಟಕಿಯ ಗಾಜಿಗೆ ಅಂಟಿಸಿದ್ದ ಅಕ್ಷರಗಳನ್ನು ಉಗುರಿನಿಂದ ಎರಡು ಸಲ ತಟ್ಟಿದಳು. ಅದು ಮಾತಾಡಬಾರದ ಬೋಗಿ. ಮಾತಾಡಬಾರದು ಎಂದೇ ಒಂದು ಬೋಗಿ! ಹುಬ್ಬಳ್ಳಿಯಿಂದ ಗದಗಿಗೆ ಹೋಗುವ ಪ್ಯಾಸೆಂಜರ್ ಗಾಡಿಯಲ್ಲಾದರೆ ಅಣ್ಣಿಗೇರಿ ಬರುವಷ್ಟರಲ್ಲಿ ಎದುರಿನವರ ಮಗಳ ವಯಸ್ಸು, ಓದು, ಯಾಕೆ ಇನ್ನೂ ಗಂಡು ಗೊತ್ತಾಗಿಲ್ಲ ಎಂಬುದೆಲ್ಲ ತಿಳಿದಿರುತ್ತದೆ. ಫೋನ್ ಇಟ್ಟು ಸುಮ್ಮನೆ ಕುಳಿತೆ. ನನಗೆ ನಾಚಿಕೆಗಿಂತ ಹೊಟ್ಟೆಕಿಚ್ಚೇ ಹೆಚ್ಚಾಯಿತು. ಇಂಥ ಮೌನದ ಅರ್ಧದಷ್ಟು ನಮ್ಮ ಮನೆಯಲ್ಲಿ ಸಿಕ್ಕಿದ್ದರೂ ಪಿಯುಸಿಯಲ್ಲಿ ನಾನು ಇನ್ನೂ ಮೂವತ್ತು ಮಾರ್ಕ್ಸ್ ತೆಗೆಯುತ್ತಿದ್ದೆ.

ರೈಲು ಹೋಗುತ್ತಿರಲಿ. ಪ್ರಮೋದನ ಕಥೆ, ನನ್ನ ತಂಡದ ಕಥೆ ಎರಡನ್ನೂ ಇಲ್ಲಿ ಹೇಳಬೇಕು.

ಹುಬ್ಬಳ್ಳಿಯ ಕಾಲೇಜು ಹಾಸ್ಟೆಲ್ಲಿನಲ್ಲಿ ನಾವು ನಾಲ್ವರು ಒಂದು ರೂಮಿನಲ್ಲಿದ್ದೆವು. ಕಂಪ್ಯೂಟರ್ ಇದ್ದದ್ದು ಮೈಸೂರಿನಿಂದ ಬಂದ ಪ್ರಮೋದನಿಗೆ ಮಾತ್ರ. ಅದರಲ್ಲಿ ಫುಟ್‌ಬಾಲ್ ತಂಡವನ್ನು ನಡೆಸುವ ಒಂದು ಆಟವಿತ್ತು. ಆಡುವುದಲ್ಲ, ನಡೆಸುವುದು. ಯಾರನ್ನು ಇಳಿಸಬೇಕು, ಯಾರನ್ನು ಕೂರಿಸಬೇಕು ಎಂದು ನಾವು ಹೇಳಬೇಕು. ಭಾನುವಾರ ಸಂಜೆ ಸರದಿಯಂತೆ ಎಲ್ಲರೂ ತಂಡ ಆರಿಸಿಕೊಂಡರು. ಮೂವರೂ ಟೀವಿಯಲ್ಲಿ ಬರುವ ದೊಡ್ಡ ದೊಡ್ಡ ತಂಡಗಳನ್ನು ಹಿಡಿದರು. ನನ್ನ ಸರದಿ ಕೊನೆಯದು. ಇಟಲಿ ಎಂಬ ಹೆಸರು ಒತ್ತಿ, ಪಟ್ಟಿಯ ತಳಕ್ಕೆ ಹೋದೆ. ಅಲ್ಲಿ ಕಟ್ಟಕಡೆಗೆ ವಾಲ್ತೋರ್ಬ ಎಂಬ ಊರಿನ ತಂಡವಿತ್ತು.

"ಅದು ಯಾವ್ದೋ ಡಬ್ಬಾ ಟೀಮ್ ಕಣೋ," ಎಂದ ಪ್ರಮೋದ.

"ಇರ್ಲಿ ಬಿಡಲೇ. ತಳದಿಂದ ಮ್ಯಾಲೆ ಬರೋದು ನಂಗ ರೂಢಿ ಐತಿ. ಇದನ್ನ ಕೊಡು."

ಇಟಲಿಯಲ್ಲಿ ತಂಡಗಳಿಗೆ ಎ, ಬಿ, ಸಿ, ಡಿ ಎಂದು ಮೆಟ್ಟಿಲುಗಳಿವೆ. ಆಟದಲ್ಲಿ ನಾನು ವಾಲ್ತೋರ್ಬವನ್ನು ಸಿ ಮೆಟ್ಟಿಲಿನ ತಳದಿಂದ ಎತ್ತಿ ಎ ತನಕ ಒಯ್ದೆ. ನಿಜವಾದ ವಾಲ್ತೋರ್ಬ ಮಾತ್ರ ಹದಿನಾರು ವರ್ಷವಾದರೂ ಅಲ್ಲೇ ಏಗುತ್ತಿತ್ತು. ಆದರೆ ಅಂದಿನಿಂದ ಅದು ನನ್ನದು. ಪ್ರತಿ ಸೋಮವಾರ ಬೆಳಗ್ಗೆ, ಕಾರ್ಖಾನೆಗೆ ಹೊರಡುವ ಮುಂಚೆ, ಫೋನಿನಲ್ಲಿ ಅದರ ಫಲಿತಾಂಶ ನೋಡುತ್ತೇನೆ. ನನ್ನ ಮುಖ ನೋಡಿ ಹೆಂಡತಿ, "ಯಾರು ಹೋದ್ರು?" ಎಂದು ಕೇಳುವುದುಂಟು.

ನೈಮೆಗನ್, ಮೊದಲ ಶನಿವಾರ

ಪ್ರಮೋದ ಮಗಳನ್ನು ಕರೆದುಕೊಂಡು ನಿಲ್ದಾಣಕ್ಕೆ ಬಂದಿದ್ದ. ಏಳು ವರ್ಷದ ಇಂಚರ, ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಡಚ್ಚಿನಲ್ಲಿ ಉತ್ತರ ಕೊಟ್ಟಳು. ಅವನು ಒಂಬತ್ತು ವರ್ಷದಿಂದ ಇಲ್ಲಿದ್ದಾನೆ, ಚಿಪ್ ಕಂಪನಿಯಲ್ಲಿ ಒಳ್ಳೆಯ ಕೆಲಸ. ಮೈಕೈ ತುಂಬಿಕೊಂಡಿದ್ದ. ಎದುರಿಗೆ ಸಿಕ್ಕವರಿಗೆಲ್ಲ ಸಲೀಸಾಗಿ ಡಚ್ಚಿನಲ್ಲಿ ನಮಸ್ಕಾರ ಹೇಳುತ್ತಿದ್ದ. ಇದಕ್ಕೆಲ್ಲ ನಾನು ಉರಿದುಕೊಳ್ಳಲಿಲ್ಲ ಎಂದರೆ ಸುಳ್ಳು, ಆದರೆ ತಡೆದುಕೊಳ್ಳುವಷ್ಟು ಉರಿ ಅದು.

"ಬಾ, ಒಂದ್ ಕಡೆ ಕರ್ಕೊಂಡ್ ಹೋಗ್ತೀನಿ. ಶಾಕ್ ಆಗ್ತೀಯ," ಎಂದ.

ಹೊರಗೆ ಬಿಸಿಲಿತ್ತು. ನಮ್ಮ ಲೆಕ್ಕದಲ್ಲಿ ಅದು ಬಿಸಿಲೇ ಅಲ್ಲ, ನಾನು ಸ್ವೆಟರ್ ಹಾಕಿಕೊಂಡಿದ್ದೆ. ಆದರೆ ಊರಿಗೆ ಊರೇ ಬೀದಿಗೆ ಬಂದು, ಕಣ್ಣು ಮುಚ್ಚಿ, ಮುಖವನ್ನು ಸೂರ್ಯನ ಕಡೆ ಹಿಡಿದು ಕುಳಿತಿತ್ತು, ಹಪ್ಪಳ ಒಣಗಲು ಇಟ್ಟಂತೆ. ಐಸ್‌ಕ್ರೀಮ್ ಅಂಗಡಿಯ ಮುಂದೆ ಉದ್ದನೆಯ ಸಾಲು. ಪ್ರಮೋದ ಸಾಲನ್ನು ಬಿಟ್ಟು, ಪಕ್ಕದ ಸಣ್ಣ ಬಾಗಿಲು ತಳ್ಳಿ, ಸ್ವಂತ ಮನೆಗೆ ನುಗ್ಗಿದಂತೆ ಒಳಗೆ ನುಗ್ಗಿದ.

ಒಳಗೆ ಗೋಡೆಯ ಮೇಲೆ ಹಸಿರು-ಬಿಳಿ ಪಟ್ಟೆಯ ಬಾವುಟ. ಅದರ ಮೇಲೆ ವಾಲ್ತೋರ್ಬ.

ಹದಿನಾರು ವರ್ಷದಿಂದ ಫೋನಿನಲ್ಲಿ ಹೆಬ್ಬೆಟ್ಟಿನಷ್ಟು ಕಾಣುತ್ತಿದ್ದ ಆ ಬಣ್ಣ ಗೋಡೆಯಗಲ ಇತ್ತು.

ಅಂಗಡಿ ಔರೇಲಿಯೊ ಎಂಬ ಎಪ್ಪತ್ತರ ಹತ್ತಿರದ ಹಿರಿಯರದ್ದು. ಅವರೂ ಅವರ ಹೆಂಡತಿ ನಿವೇಸ್ ಕೂಡ ವಾಲ್ತೋರ್ಬದವರೇ. ಆ ಊರಿರುವ ಕಣಿವೆಯಿಂದ ಐಸ್‌ಕ್ರೀಮ್ ಮಾಡುವವರು ತಲೆಮಾರುಗಳಿಂದ ಈ ದೇಶಕ್ಕೆ ಬರುತ್ತಾರಂತೆ. ಚಳಿ ಶುರುವಾದಾಗ ಅಂಗಡಿ ಮುಚ್ಚಿ ಊರಿಗೆ ಹೋಗುತ್ತಾರೆ, ಬೇಸಿಗೆಗೆ ತಿರುಗಿ ಬರುತ್ತಾರೆ. ಹೀಗಾಗಿ ಚಳಿಗಾಲದ ಪಂದ್ಯಗಳನ್ನೆಲ್ಲ ಮೈದಾನದಲ್ಲೇ ನೋಡುವ ಔರೇಲಿಯೊ, ಮೇ ತಿಂಗಳ ಕೊನೆಯ ಪಂದ್ಯವನ್ನು, ತಂಡ ಉಳಿಯುತ್ತದೋ ಬೀಳುತ್ತದೋ ಎಂದು ತೀರ್ಮಾನವಾಗುವ ಪಂದ್ಯವನ್ನು, ನಲವತ್ತು ವರ್ಷದಲ್ಲಿ ಒಮ್ಮೆಯೂ ಕಣ್ಣಾರೆ ಕಂಡಿಲ್ಲ. ಬಿಸಿಲು ಬಂದಾಗಲೇ ಇಲ್ಲಿ ವ್ಯಾಪಾರ.

ಈ ವರ್ಷವೂ ವಾಲ್ತೋರ್ಬ ಸಿ ಮೆಟ್ಟಿಲಿನ ತಳದಲ್ಲಿತ್ತು. ಅದರಷ್ಟೇ ಸೋತ ಇನ್ನೊಂದು ತಂಡದೊಂದಿಗೆ ಎರಡು ಪಂದ್ಯ ಆಡಬೇಕು, ಸೋತವರು ಡಿ ಮೆಟ್ಟಿಲಿಗೆ ಇಳಿಯಬೇಕು. ಮೊದಲನೆಯದು ಅಂದೇ, ಎದುರಾಳಿಯ ಊರಿನಲ್ಲಿ. ಕೌಂಟರ್ ಮೇಲೆ, ಚಾಕೊಲೇಟ್ ತೊಟ್ಟಿಗೂ ನಿಂಬೆ ತೊಟ್ಟಿಗೂ ನಡುವೆ ಒಂದು ಲ್ಯಾಪ್‌ಟಾಪ್ ತೆರೆದಿತ್ತು.

"ಇವನು ನನ್ನ ಕಾಲೇಜ್ ಫ್ರೆಂಡ್, ಮಲ್ಲೇಶ," ಎಂದು ಪ್ರಮೋದ ಇಂಗ್ಲಿಷಿನಲ್ಲಿ ಪರಿಚಯ ಮಾಡಿಸಿದ. "ಇವನೂ ನಮ್ಮ ಟೀಮನ್ನ ಸ್ವಲ್ಪ ಫಾಲೋ ಮಾಡ್ತಾನೆ."

ಇವನೂ. ಸ್ವಲ್ಪ. ನಮ್ಮ.

ಔರೇಲಿಯೊ ನನ್ನ ಕೈ ಹಿಡಿದು ಕುಲುಕಿದರು. ಅವರ ಹರಕು ಇಂಗ್ಲಿಷನ್ನು ಕನ್ನಡದಲ್ಲಿ ಬರೆಯುತ್ತೇನೆ. "ನಿಮ್ಮ ಗೆಳೆಯ ನಮ್ಮನ್ನು ಹೇಗೆ ಆರಿಸಿದ, ಗೊತ್ತೇ? ಹಾಸ್ಟೆಲ್ಲಿನಲ್ಲಿ ಎಲ್ಲರೂ ದೊಡ್ಡ ತಂಡ ಹಿಡಿದರಂತೆ. ಇವನು ಪಟ್ಟಿಯ ಕಟ್ಟಕಡೆಯ ಹೆಸರು ತೆಗೆದುಕೊಂಡನಂತೆ. ತಳದಿಂದ ಮೇಲೆ ಬರುವುದು ನನಗೆ ರೂಢಿ ಅಂದನಂತೆ! ಇದನ್ನು ಕೇಳಿದ ದಿನ ನಿವೇಸ್ ಅತ್ತುಬಿಟ್ಟಳು. ಅಂದಿನಿಂದ ಇವನು ನಮ್ಮ ಮಗ."

ನಾನು ಪ್ರಮೋದನನ್ನು ನೋಡಿದೆ. ಅವನು ಇಂಚರಳ ಶೂ ಲೇಸು ಕಟ್ಟಲು ಬಗ್ಗಿದ. ಆ ಶೂಗೆ ಲೇಸೇ ಇರಲಿಲ್ಲ.

ಪಂದ್ಯ ಶುರುವಾಯಿತು. ಅಂಗಡಿಯಲ್ಲಿ ಎಲ್ಲರಿಗೂ ಒಂದೊಂದು ಜಾಗ. ನಿವೇಸ್ ಬಾಗಿಲ ಬಳಿಯ ಸ್ಟೂಲಿನ ಮೇಲೆ. ಪ್ರಮೋದ ದೊಡ್ಡ ಫ್ರೀಜರಿಗೆ ಒರಗಿ ನಿಲ್ಲಬೇಕು. ಕೆಲವು ವರ್ಷದ ಕೆಳಗೆ ಅವನು ಅಲ್ಲಿ ನಿಂತ ದಿನ ತಂಡ ಗೆದ್ದಿತ್ತು, ಅಂದಿನಿಂದ ಅದು ಅವನ ಜಾಗ. ನಮ್ಮಲ್ಲಿ ಸೊಸೆಯ ಕಾಲ್ಗುಣ ನೋಡಿದಂತೆ ಇಲ್ಲಿ ಅಭಿಮಾನಿಯ ಕಾಲ್ಗುಣ ನೋಡುತ್ತಾರೆ. ನನ್ನನ್ನು ಮಾತ್ರ ಬಹಳ ಮರ್ಯಾದೆಯಿಂದ ಗಿರಾಕಿಗಳ ಕಡೆಯ ಒಳ್ಳೆಯ ಕುರ್ಚಿಯಲ್ಲಿ ಕೂರಿಸಿದರು. ಅಲ್ಲಿಂದ ಲ್ಯಾಪ್‌ಟಾಪಿನ ಮೇಲೆ ಬಿದ್ದ ಕಿಟಕಿಯ ಬೆಳಕು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ತೊಂಬತ್ತು ನಿಮಿಷ ನಾನು ಪಂದ್ಯ ನೋಡಲಿಲ್ಲ, ಫ್ರೀಜರಿಗೆ ಒರಗಿದ ಪ್ರಮೋದನ ಬೆನ್ನು ನೋಡಿದೆ. ಆ ಬೆನ್ನು ಹಸಿರು-ಬಿಳಿ ಪಟ್ಟೆಯ ಅಂಗಿ ಹಾಕಿತ್ತು.

ಎರಡೂ ಕಡೆ ಗೋಲಿಲ್ಲದೆ ಮುಗಿಯಿತು. ಆ ವರ್ಷದ ಅಂಕಗಳಲ್ಲಿ ವಾಲ್ತೋರ್ಬ ಒಂದು ಕೂದಲು ಮೇಲಿತ್ತು. ಮುಂದಿನ ಶನಿವಾರವೂ ಸಮ ಮಾಡಿಕೊಂಡರೆ ಸಾಕು, ಉಳಿಯುತ್ತದೆ.

ಹೊರಡುವಾಗ ಒಳಗಿನ ಬಚ್ಚಲ ಬಾಗಿಲಿಗೆ ನೇತುಹಾಕಿದ್ದ ನೀಲಿ ಅಂಗಿ ಕಂಡಿತು. ಇಟಲಿ ದೇಶದ ತಂಡದ ಅಂಗಿ.

"ಅದನ್ನು ಯಾಕೆ ಅಲ್ಲಿ ಹಾಕಿದ್ದೀರಿ?" ಎಂದು ಕೇಳಿದೆ.

"ದೇಶದ ತಂಡ ಮದುವೆಗೆ ಬರುವ ಶ್ರೀಮಂತ ನೆಂಟನ ಹಾಗೆ," ಎಂದರು ಔರೇಲಿಯೊ. "ಬಂದಾಗ ಎದ್ದು ನಿಲ್ಲುತ್ತೇವೆ. ಒಂದು ಸಲ ವಿಶ್ವಕಪ್ಪಿಗೆ ಹೋಗಲಿಲ್ಲ. ಅದೇ ವರ್ಷ ಈ ಡಚ್ಚರೂ ಹೋಗಿರಲಿಲ್ಲ, ಹಾಗಾಗಿ ಗಿರಾಕಿಗಳು ಬಾಯಿ ಮುಚ್ಚಿಕೊಂಡು ತಿಂದರು. ಮುಂದಿನದಕ್ಕೂ ನಾವು ಹೋಗಲಿಲ್ಲ, ಆಗ ಇವರು ಹೋಗಿದ್ದರು. ಒಬ್ಬೊಬ್ಬನೂ ಬಂದು ಸಂತಾಪ ಹೇಳಿ ಎರಡೆರಡು ಕೋನ್ ತಿಂದ. ಆದರೆ ನೋಡಿ, ದೇಶ ಸೋತರೆ ಅಳಲು ಕೋಟ್ಯಂತರ ಜನ, ಒಬ್ಬೊಬ್ಬರ ಪಾಲಿಗೆ ಒಂದು ಚಮಚ ದುಃಖ. ವಾಲ್ತೋರ್ಬ ಸೋತರೆ ನಾವು ಇಷ್ಟೇ ಜನ. ತಟ್ಟೆ ತುಂಬ ಬರುತ್ತದೆ."

ನಮ್ಮ ದೇಶ ಒಂದು ವಿಶ್ವಕಪ್ಪಿನಲ್ಲೂ ಆಡಿಲ್ಲ ಎಂದು ನಾನು ಹೇಳಿದೆ. ಅವರು ನನ್ನ ಭುಜ ತಟ್ಟಿದರು. ಆ ಒಂದು ಚಮಚವೂ ನಮಗೆ ಸಿಕ್ಕಿಲ್ಲವಲ್ಲ ಎಂದು ಅದಕ್ಕೂ ಉರಿಯಿತು.

ನಿಲ್ದಾಣಕ್ಕೆ ನಡೆಯುವಾಗ ಪ್ರಮೋದನನ್ನು ನಿಲ್ಲಿಸಿದೆ.

"ಲೇ, ನನ್ನ ಮಾತು ನಿನ್ನ ಬಾಯಾಗ ಹೆಂಗ ಬಂತು?"

"ಶಾರ್ಟ್ ಮಾಡಿ ಹೇಳ್ದೆ ಕಣೋ. ನನ್ ರೂಮ್‌ಮೇಟ್ ಒಬ್ಬ ಇದ್ದ, ಅವನು ಹಂಗಂದ ಅಂತ ಹೇಳಿದ್ರೆ ಯಾರಿಗ್ ಇಂಟರೆಸ್ಟ್?"

"ನಿಮ್ಮಪ್ಪ ಬ್ಯಾಂಕ್ ಮ್ಯಾನೇಜರು. ನಿಂಗ ಯಾವ ತಳದ ರೂಢಿ ಇತ್ತಪಾ?"

"ಬಂದ ಹೊಸದರಲ್ಲಿ ಕಾಂಟ್ರಾಕ್ಟ್ ರಿನ್ಯೂ ಆಗತ್ತೋ ಇಲ್ವೋ ಗೊತ್ತಿರ್ಲಿಲ್ಲ ಮಲ್ಲೇಶಿ. ಮದುವೆಯಾಗಿದ್ರೂ ಶ್ರುತಿ ಇನ್ನೂ ಇಲ್ಲಿಗೆ ಬಂದಿರ್ಲಿಲ್ಲ. ಎರಡು ತಿಂಗ್ಳು ನಾನು ಯಾರ ಮನೆ ಒಳಗೂ ಕಾಲಿಟ್ಟಿರ್ಲಿಲ್ಲ. ಈ ಬಾವುಟ ಕಾಣ್ತು. ಒಳಗೆ ಹೋದೆ. ಹೇಗೆ ಗೊತ್ತು ನಮ್ ಟೀಮು ಅಂತ ಕೇಳಿದ್ರು. ಬಾಯಿಗೆ ಅದೇ ಬಂತು. ನಂಗೆ ಒಂದು ಬಾಗ್ಲು ಬೇಕಿತ್ತು."

"ಬಾಗ್ಲಾ ನಿಂದ ಇರಬಹುದು. ಕೀಲಿ ನಂದು," ಎಂದೆ.

ಅವನನ್ನು ನೋಡಿ ಪಾಪ ಅನ್ನಿಸಿತು. ಆದರೂ ಉರಿ ಆರಲಿಲ್ಲ. ಅವನ ಮನೆ, ಕಾರು, ಡಚ್ಚು ಎಲ್ಲ ಅವನು ದುಡಿದದ್ದು, ಅದರ ಮೇಲೆ ನನಗೆ ಹಕ್ಕಿಲ್ಲ. ಆ ಒಂದು ಮಾತು ಮಾತ್ರ ನಾನು ದುಡಿದದ್ದು. ಅದನ್ನು ಕೊಟ್ಟು ಅವನು ಒಂದು ತಾಯಿ, ಒಂದು ತಂದೆ, ಫ್ರೀಜರಿನ ಪಕ್ಕದಲ್ಲಿ ಒಂದು ಜಾಗ ಸಂಪಾದಿಸಿದ್ದ.

ವೆಲ್ಡ್‌ಹೋವನ್, ವಾರದ ನಡುವೆ

ಬುಧವಾರ ನಮಗೆ ಮಷೀನ್ ಕಲಿಸುವ ಡಚ್ಚನ ಹುಟ್ಟುಹಬ್ಬ. ಅವನೇ ಕೇಕ್ ಹೊತ್ತು ತಂದು, ಕೆಲಸ ಶುರುವಾಗುವ ಮುಂಚೆ ಎಲ್ಲರಿಗೂ ಹಂಚಿದ. ಕೇಕ್ ತೆಗೆದುಕೊಂಡವರು ಅವನಿಗೆ ಮಾತ್ರವಲ್ಲ, ಪಕ್ಕದಲ್ಲಿ ನಿಂತವರಿಗೂ ಕೈ ಕುಲುಕಿ ಅಭಿನಂದನೆ ಹೇಳಿದರು. ನನಗೂ ಹೇಳಿದರು. ಅವನು ಹುಟ್ಟಿದ್ದರಲ್ಲಿ ನನ್ನ ಪಾಲೇನೋ ತಿಳಿಯಲಿಲ್ಲ, ಆದರೆ ಹಿತವಾಯಿತು.

ಸಿಹಿ ಮೊದಲು, ಕೆಲಸ ಆಮೇಲೆ. ಇದು ನಮ್ಮ ಲೆಕ್ಕವೇ ಅಲ್ಲವೆ? ನನ್ನ ಪ್ರತಿ ಪರೀಕ್ಷೆಯ ಬೆಳಗ್ಗೆಯೂ ಅವ್ವ ಹೊಸ್ತಿಲಲ್ಲಿ ನಿಲ್ಲಿಸಿ ಬಾಯಿಗೆ ಸಕ್ಕರೆ ಹಾಕುತ್ತಿದ್ದಳು. ಅವಳಿಗೆ ಓದಲು ಬರುವುದಿಲ್ಲ, ಅಂದು ಗಣಿತವೋ ಇಂಗ್ಲಿಷೋ ತಿಳಿಯುತ್ತಿರಲಿಲ್ಲ. ಸಕ್ಕರೆ ಮಾತ್ರ ತಪ್ಪುತ್ತಿರಲಿಲ್ಲ. ನಾನು ಒಂದು ವಿಷಯದಲ್ಲೂ ಫೇಲಾಗಲಿಲ್ಲ.

ಸೂಟ್‌ಕೇಸಿನಲ್ಲಿ ಧಾರವಾಡ ಪೇಡೆಯ ಎರಡು ಡಬ್ಬಿ ಇದ್ದವು. ಪ್ರಮೋದನಿಗೆಂದು ತಂದದ್ದು, ಸಿಟ್ಟಿನಲ್ಲಿ ಕೊಟ್ಟಿರಲಿಲ್ಲ. ಶನಿವಾರ ಒಯ್ಯುವುದೆಂದು ತೀರ್ಮಾನಿಸಿದೆ. ಆ ಅಂಗಡಿಗೆ ನನ್ನ ಕೈಯಿಂದಲೂ ಏನಾದರೂ ಸಲ್ಲಬೇಕು, ನನಗೂ ಅಲ್ಲೊಂದು ಜಾಗವಾಗಬೇಕು.

ನೈಮೆಗನ್, ಎರಡನೆಯ ಶನಿವಾರ

ಪ್ರಮೋದ ಕಾರು ನಿಲ್ಲಿಸಲು ಜಾಗ ಹುಡುಕುತ್ತಿದ್ದ. ನಾನು ಮುಂದಾಗಿ ಸಣ್ಣ ಬಾಗಿಲಿನಿಂದ ಒಳಗೆ ಹೋದೆ. ಪಂದ್ಯಕ್ಕೆ ಇನ್ನು ಹತ್ತು ನಿಮಿಷ. ಅಂದು ಬಿಸಿಲು ಇನ್ನೂ ಜೋರು, ಸಾಲು ಬೀದಿಯ ತಿರುವಿನವರೆಗೆ. ಔರೇಲಿಯೊ ಗಿರಾಕಿಗಳಿಗೆ ಅರ್ಧ ಬೆನ್ನು ಹಾಕಿ, ಲ್ಯಾಪ್‌ಟಾಪನ್ನೇ ನೋಡುತ್ತ ಐಸ್‌ಕ್ರೀಮ್ ತೋಡುತ್ತಿದ್ದರು. ಚಾಕೊಲೇಟ್ ಕೇಳಿದವರಿಗೆ ಸ್ಟ್ರಾಬೆರಿ ಹೋಗುತ್ತಿತ್ತು. ಯಾರೂ ದೂರಲಿಲ್ಲ.

ನಾನು ಡಬ್ಬಿ ತೆರೆದು ನಿವೇಸರಿಗೆ ಹಿಡಿದೆ. ಔರೇಲಿಯೊರಿಗೆ ಹಿಡಿದೆ. ಸಾಲಿನಲ್ಲಿದ್ದ ಡಚ್ಚರಿಗೂ ಕೊಟ್ಟೆ. ಅವರು ಸಂತೋಷದಿಂದ ತಿಂದರು. ಔರೇಲಿಯೊ ಒಂದನ್ನು ಇಡಿಯಾಗಿ ಬಾಯಿಗೆ ಹಾಕಿಕೊಂಡು, ಕಣ್ಣು ಅರಳಿಸಿದರು.

"ಬಹಳ ಚೆನ್ನಾಗಿದೆ! ಏನು ವಿಶೇಷ? ನಿಮ್ಮ ಹಬ್ಬವೇ?"

"ಅಲ್ಲ," ಎಂದೆ ಹೆಮ್ಮೆಯಿಂದ. "ಇವತ್ತಿನ ನಮ್ಮ ಗೆಲುವಿಗೆ."

ನಿವೇಸ್ ಕೈಯಲ್ಲಿದ್ದ ಪೇಡೆಯನ್ನು, ಅದು ಬಿಸಿಯಾಗಿದೆಯೋ ಎನ್ನುವಂತೆ, ತಟ್ಟೆಗೆ ಇಳಿಸಿದರು. ಔರೇಲಿಯೊರ ದವಡೆ ನಿಂತಿತು. ನುಂಗುವ ಹಾಗಿಲ್ಲ, ಅತಿಥಿಯ ಮುಂದೆ ಉಗುಳುವ ಹಾಗಿಲ್ಲ. ಆ ಹೊತ್ತಿಗೆ ಪ್ರಮೋದ ಒಳಗೆ ಬಂದು, ಡಬ್ಬಿ ನೋಡಿ, ಎಲ್ಲರ ಮುಖ ನೋಡಿ, ನನ್ನ ತೋಳು ಹಿಡಿದು ಮೂಲೆಗೆ ಎಳೆದ.

"ಏನೋ ಮಾಡ್ದೆ? ಇವ್ರು ಮ್ಯಾಚ್ ಮುಂಚೆ ಗೆಲುವು ಅನ್ನೋ ಪದಾನೇ ಬಾಯಲ್ಲಿ ತರಲ್ಲ ಕಣೋ! ಸ್ವೀಟ್ ಬೇರೆ ಹಂಚಿದ್ಯಾ? ಬಸುರಿ ಹೆಂಗಸಿನ ಮುಂದೆ ಮಗು ಹೆಸರು ಕೂಗ್ದಂಗೆ ಆಯ್ತು!"

"ಮೊದಲ ಹೇಳಬೇಕಿಲ್ಲೋ?"

"ನೀನು ಪೇಡ ತರ್ತೀಯ ಅಂತ ನಂಗೇನ್ ಕನಸಾ?"

ಎಂಬತ್ತೊಂಬತ್ತನೆಯ ನಿಮಿಷದವರೆಗೆ ಗೋಲಿಲ್ಲ. ಈ ಸಲ ನಾನು ಕುರ್ಚಿಯಲ್ಲಿ ಕೂರಲಿಲ್ಲ, ಎಲ್ಲ ಕಾಣುವ ಹಾಗೆ ಕೌಂಟರಿನ ಮೂಲೆಗೆ ನಿಂತಿದ್ದೆ. ತಂಡ ಉಳಿಯುತ್ತದೆ, ಪೇಡೆಯ ಕಾಲ್ಗುಣ ಒಳ್ಳೆಯದೆಂದಾಗುತ್ತದೆ, ನನಗೂ ಇಲ್ಲಿ ಜಾಗ ಸಿಗುತ್ತದೆ ಎಂದು ಲೆಕ್ಕ ಹಾಕುತ್ತಿದ್ದೆ. ಆಗ ಚಿತ್ರ ನಿಂತುಹೋಯಿತು. ಪರದೆಯ ಮೇಲೆ ಚೆಂಡು ಗಾಳಿಯಲ್ಲಿ, ನಮ್ಮ ಗೋಲ್‌ಕೀಪರ್ ಅಡ್ಡಡ್ಡ. ಚಿತ್ರ ಮತ್ತೆ ಚಲಿಸಿದಾಗ ಎದುರಾಳಿಗಳು ಒಬ್ಬರ ಮೇಲೊಬ್ಬರು ಬಿದ್ದು ಕುಣಿಯುತ್ತಿದ್ದರು.

ಮುಗಿಯಿತು. ವಾಲ್ತೋರ್ಬ ಡಿ ಮೆಟ್ಟಿಲಿಗೆ ಬಿತ್ತು.

ನಿವೇಸ್ ಏಪ್ರನ್ನಿನಿಂದ ಮುಖ ಮುಚ್ಚಿಕೊಂಡರು. ಔರೇಲಿಯೊ ತೋಡುವ ಸೌಟನ್ನು ನೀರಿನಲ್ಲಿಟ್ಟು ನಿಧಾನವಾಗಿ ತಿರುಗಿದರು.

"ಆ ಸಿಹಿ ಯಾರ ಬುದ್ಧಿ?"

"ನಂದು," ಎಂದ ಪ್ರಮೋದ. ನಾನು ಬಾಯಿ ತೆರೆಯುವ ಮುಂಚೆಯೇ. "ನಾನೇ ತರಿಸಿದ್ದು. ಅವನಿಗೇನೂ ಗೊತ್ತಿಲ್ಲ."

ಆಮೇಲೆ ಬಂದದ್ದು ಬೈಗುಳದ ಮಳೆ. ಇಟಾಲಿಯನ್ನಿನಲ್ಲಿ ಶುರುವಾಗಿ, ಡಚ್ಚಿಗೆ ಹೊರಳಿ, ಇಂಗ್ಲಿಷಿನಲ್ಲಿ ಕೊನೆಗೊಂಡಿತು. "ಒಂಬತ್ತು ವರ್ಷ ಇಲ್ಲಿ ಉಂಡಿದ್ದೀಯ! ನಿನಗೆ ತಿಳಿಯದೆ? ಕತ್ತೆ! ತಂಡ ಮತ್ತೆ ಸಿ ಮೆಟ್ಟಿಲಿಗೆ ಬರುವವರೆಗೆ ಪಂದ್ಯದ ದಿನ ನೀನು ಈ ಬಾಗಿಲಲ್ಲಿ ಕಾಣಿಸಬೇಡ!" ನಿವೇಸ್ ಕೂಡ ಏಪ್ರನ್ ಇಳಿಸಿ ಅವನ ತೋಳಿಗೆ ಎರಡು ಏಟು ಹಾಕಿದರು. ಪ್ರಮೋದ ತಲೆ ತಗ್ಗಿಸಿ ನಿಂತಿದ್ದ, ಕಣ್ಣಲ್ಲಿ ನೀರು. ಹೆತ್ತವರು ಹಾಗೆಯೇ ಬೈಯುತ್ತಾರೆ. ಫೇಲಾದ ಮಗನಿಗೆ ಬೈಯುವ ಹಾಗೆ.

ನನ್ನ ಕಡೆ ತಿರುಗಿದಾಗ ಔರೇಲಿಯೊರ ಮುಖ ಮೃದುವಾಯಿತು. ಒಂದು ಕಪ್ಪಿಗೆ ಪಿಸ್ತಾ ತುಂಬಿ, ಮೇಲೆ ಬಿಸ್ಕತ್ತು ಸಿಕ್ಕಿಸಿ ಕೊಟ್ಟರು. "ನೀವು ಬೇಸರ ಮಾಡಿಕೊಳ್ಳಬೇಡಿ. ನೀವು ಅತಿಥಿ. ನಿಮಗೇನು ಗೊತ್ತು?"

ನನ್ನ ಜೀವನದಲ್ಲಿ ಅಷ್ಟು ಕಹಿಯಾದ ಐಸ್‌ಕ್ರೀಮ್ ನಾನು ಕೈಯಲ್ಲಿ ಹಿಡಿದಿಲ್ಲ. ಮಾತು ಅವನು ಒಯ್ದಿದ್ದ, ಸರಿ. ಈಗ ತಪ್ಪನ್ನೂ ಒಯ್ಯುತ್ತಿದ್ದಾನೆ. ಬೈಗುಳವೂ ಅವನದೇ, ಏಟೂ ಅವನದೇ. ನನ್ನ ತಂಡ ಬಿದ್ದ ದಿನ ನನಗೆ ಬಿಸ್ಕತ್ತು!

ಕಪ್ಪನ್ನು ಕೌಂಟರ್ ಮೇಲಿಟ್ಟೆ.

"ಅವನು ಸುಳ್ಳು ಹೇಳುತ್ತಿದ್ದಾನೆ. ತಂದವನು ನಾನು, ಹಂಚಿದವನು ನಾನು. ಗೆಲುವು ಅಂತ ಬಾಯಿಬಿಟ್ಟು ಹೇಳಿದವನೂ ನಾನೇ. ಹಾಸ್ಟೆಲ್ಲಿನಲ್ಲಿ ಪಟ್ಟಿಯ ಕಡೆಯ ಹೆಸರು ಆರಿಸಿದವನೂ ನಾನು. ಅದು ಈ ವಾಲ್ತೋರ್ಬ. ಹದಿನಾರು ವರ್ಷವಾಯಿತು."

ಬಾಗಿಲ ಬಳಿ ನಿಂತಿದ್ದ ಡಚ್ಚರು ಕೋನ್ ನೆಕ್ಕುವುದನ್ನು ನಿಲ್ಲಿಸಿದರು. ಔರೇಲಿಯೊ ಪ್ರಮೋದನನ್ನು ನೋಡಿದರು. ಅವನು ತಲೆ ಎತ್ತದೆ, "ಹೌದು, ಇವನೇ," ಎಂದ.

"ಆ ವರ್ಷ ನಮ್ಮ ಗೋಲ್‌ಕೀಪರ್ ಯಾರು?" ಔರೇಲಿಯೊ ನನ್ನನ್ನು ಕೇಳಿದರು.

"ಬೆರ್ತೊಲಿನ್. ಎಡಗಡೆಗೆ ಬಂದ ಚೆಂಡಿಗೆ ಸ್ವಲ್ಪ ನಿಧಾನ."

"ನಿಧಾನವಲ್ಲ," ಎಂದರು ಮುದುಕ. ಅವರ ಧ್ವನಿ ಒಡೆಯಿತು. "ಬೆಳಗ್ಗೆಯೆಲ್ಲ ಮನೆ ಮನೆಗೆ ಅಂಚೆ ಹಂಚಿ ಬರುತ್ತಿದ್ದ. ಆ ಭುಜದಲ್ಲಿ ಚೀಲ ಇರುತ್ತಿತ್ತು. ದಣಿದಿರುತ್ತಿದ್ದ."

ಕೌಂಟರ್ ದಾಟಿ ಬಂದರು. ನನ್ನ ಎರಡೂ ಭುಜ ಹಿಡಿದರು. ಮುದ್ದಾಡುತ್ತಾರೇನೋ ಎಂದುಕೊಂಡೆ.

"ಹದಿನಾರು ವರ್ಷದಿಂದ ನಮ್ಮವನಾಗಿ ನೀನು ಇಂಥ ಕೆಲಸ ಮಾಡಿದೆಯಾ? ಹೊರಗೆ! ಇಬ್ಬರೂ ಹೊರಗೆ! ಅವನು ತಂಡ ಸಿ ಮೆಟ್ಟಿಲಿಗೆ ಬರುವವರೆಗೆ. ನೀನು..." ಉಸಿರೆಳೆದುಕೊಂಡು, ತಕ್ಕ ಶಿಕ್ಷೆ ಹುಡುಕಿದರು. "ನೀನು, ಎ ಮೆಟ್ಟಿಲಿಗೆ ಹೋಗುವವರೆಗೆ!"

ನಿವೇಸ್ ಬಂದು ನನ್ನ ತೋಳಿಗೂ ಬಾರಿಸಿದರು. ಮೂರು ಏಟು. ನಾನು ಎಣಿಸಿದೆ.

ಹೊರಗೆ ಬಿಸಿಲು ಹಾಗೆಯೇ ಇತ್ತು, ಜನ ಹಾಗೆಯೇ ಮುಖ ಒಣಗಿಸುತ್ತಿದ್ದರು. ತಂಡ ಬಿದ್ದಿತ್ತು, ನನ್ನ ಎದೆ ಮಾತ್ರ ಅಗಲವಾಗಿತ್ತು. ಪ್ರಮೋದ ನಿಲ್ದಾಣದವರೆಗೂ ನನ್ನ ಜೊತೆ ಬಂದ. ಪ್ಲಾಟ್‌ಫಾರ್ಮಿನಲ್ಲಿ ಒಮ್ಮೆಲೇ ನಿಂತ.

"ಎ ಅಂದ್ರೆ ಈ ಜನ್ಮದಲ್ಲಿ ಆಗಲ್ಲ. ಅಂದ್ರೆ ನಿಂಗೆ ಲೈಫ್‌ಟೈಮ್ ಬ್ಯಾನು."

"ಹೂಂ."

"ಒಂಬತ್ತು ವರ್ಷದಿಂದ ಅಂಗಡಿ ತೆಗ್ದಿರೋ ದಿನ ಎಲ್ಲಾ ಹೋಗ್ತಿದೀನಿ ಕಣೋ. ಅವ್ರ ಫ್ರೀಜರ್ ಕೆಟ್ಟಾಗ ನಾನ್ ಓಡಾಡಿದೀನಿ. ನಿವೇಸ್ ಆಂಟಿ ಆಸ್ಪತ್ರೆಲಿದ್ದಾಗ ನಾನಿದ್ದೆ." ಅವನ ಧ್ವನಿ ಸಣ್ಣದಾಯಿತು. "ನಂಗ್ಯಾಕೆ ಬರೀ ಸಿ ವರೆಗೆ?"

ಆ ಧ್ವನಿ ನನಗೆ ಚೆನ್ನಾಗಿ ಗೊತ್ತು. ರೈಲು ಬಂತು. ಅವನಿಗೆ ಸಮಾಧಾನ ಹೇಳಬಹುದಿತ್ತು. ನಾನು ಹೇಳಲಿಲ್ಲ.